ಬಿಸಿನೀರಿಗೆ ಹಾಕಿದ ಅಂಗಿ

ಬುಗುರಿಯ ವಿಷಯ ಹೇಳು ಎಂದರೆ ನಾನು ಕಲೆಯಿಂದಲೇ ಶುರು ಮಾಡಬೇಕು, ಬೇರೆ ಕಡೆಯಿಂದ ಶುರು ಮಾಡಲು ನನಗೆ ಬರುವುದಿಲ್ಲ. ನಲವತ್ತೊಂದು ವರ್ಷ ಲಾಂಡ್ರಿ ನಡೆಸಿದವಳು ನಾನು. ತುಕ್ಕಿಗೆ ನಿಂಬೆಹುಳಿ, ಎಣ್ಣೆಗೆ ಸೀಮೆಸುಣ್ಣದ ಪುಡಿ, ಹೀಗೆ ಒಂದೊಂದು ಕಲೆಗೂ ಒಂದೊಂದು ಮದ್ದು. ರಕ್ತಕ್ಕೆ ಮಾತ್ರ ತಣ್ಣೀರು. ಬಿಸಿನೀರು ಸೋಕಿತೋ, ಆ ಕಲೆ ನೂಲಿನೊಳಗೆ ಕೂತುಬಿಡುತ್ತದೆ, ಆಮೇಲೆ ತಿಪ್ಪರಲಾಗ ಹಾಕಿದರೂ ಏಳುವುದಿಲ್ಲ. ಬುಗುರಿಗೆ ಐದು ವರ್ಷ ಇದ್ದಾಗಲೇ ಇದನ್ನು ಹೇಳಿಕೊಟ್ಟಿದ್ದೆ.

ಬುಗುರಿ ನನ್ನ ಮಗಳ ಮಗಳು. ಮಗಳು ಹೆತ್ತ ಹನ್ನೊಂದನೇ ದಿನಕ್ಕೆ ಜ್ವರ ಬಂದು ಹೋದಳು. ಅಪ್ಪ ಅನ್ನಿಸಿಕೊಂಡವನು "ಬಂದು ಕರ್ಕೊಂಡು ಹೋಗ್ತೀನಿ" ಎಂದು ಹೇಳಿ ಹೋದ, ಇನ್ನೂ ಬರುತ್ತಲೇ ಇದ್ದಾನೆ. ಮಗು ನನ್ನ ಸೊಂಟದ ಮೇಲೆ, ಒಗೆದ ಬಟ್ಟೆಯ ಬುಟ್ಟಿಯಲ್ಲಿ, ಇಸ್ತ್ರಿ ಮೇಜಿನ ಕೆಳಗೆ ಬೆಳೆಯಿತು. ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಅದಕ್ಕೇ ಬುಗುರಿ. ಮುಂಬಾಗಿಲಿಗೆ ಅಂಗಡಿಯ ಕಟ್ಟೆ, ಎರಡು ಮೆಟ್ಟಿಲು ಇಳಿದರೆ ಸಿಮೆಂಟಿನ ತೊಟ್ಟಿಗಳ ಕೋಣೆ, ಹಿಂದೆ ಅಡುಗೆಮನೆ. ಅಲ್ಲಿ ನಾವು ಮೂವರು. ನಾನು, ಅವಳು, ನನ್ನ ಮಗ. ಅವಳಿಗೆ ಅವನು ಮಾವ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ "ನಿಮ್ಮಿಬ್ರನ್ನ ಸಾಕೋದೇ ಸಾಲದಾ" ಅನ್ನುತ್ತಿದ್ದ. ಕೆಟ್ಟವನಲ್ಲ. ಮುಂಗೋಪಿ. ಅವನ ಅಪ್ಪನೂ ಹಾಗೇ ಇದ್ದರು, ಬೂಟಿನ ದಾರ ಗಂಟು ಬಿದ್ದರೆ ಬೂಟನ್ನೇ ಬೀದಿಗೆ ಎಸೆದು ಆಮೇಲೆ ಒಂದೇ ಕಾಲಲ್ಲಿ ಹೋಗಿ ಹುಡುಕಿ ತರುತ್ತಿದ್ದರು. ಅದಿರಲಿ.

ಹುಡುಗಿಗೆ ಹದಿನಾರು ನಡೆಯುತ್ತಿತ್ತು. ಓದಿನಲ್ಲಿ ಚುರುಕು. ನಮಗೆ ಹೇಳದೆ ದೊಡ್ಡ ಊರಿನ ವಿಜ್ಞಾನ ಶಾಲೆಗೆ ಪರೀಕ್ಷೆ ಬರೆದಿದ್ದಳು. ಒಂದು ಮಧ್ಯಾಹ್ನ ಕಾಗದ ಬಂತು. ಸೀಟು ಸಿಕ್ಕಿದೆ, ಹಾಸ್ಟೆಲೂ ಇದೆ. ತೊಟ್ಟಿಯ ಕೋಣೆಗೆ ಕುಣಿಯುತ್ತಾ ಓಡಿಬಂದಳು. ಮಗ ಓದಿದ. ಓದಿ, "ಇಸ್ತ್ರಿ ಯಾರು ಮಾಡ್ತಾರೆ, ನಿಮ್ಮಪ್ಪ ಬಂದು ಮಾಡ್ತಾನಾ" ಅಂದ.

"ಅಪ್ಪನ ಸುದ್ದಿ ಯಾಕೆ ಮಾವ. ನಾನು ಹೋಗ್ತೀನಿ ಅಷ್ಟೇ."

"ಎಲ್ಲಿಗೆ ಹೋಗ್ತೀಯೋ ನೋಡ್ತೀನಿ."

ಕಾಗದ ಹರಿದ. ಅವಳು ಚೂರುಗಳಿಗೆ ಕೈ ಹಾಕಿದಳು, ಅವನು ತಳ್ಳಿದ. ನೆಲವೆಲ್ಲ ಸೋಪಿನ ನೀರು. ತೊಟ್ಟಿಯ ಅಂಚು ಅವಳ ತಲೆಗೆ ಬಡಿಯಿತು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಎಲ್ಲ ನೋಡಿದೆ.

ಮಗ ಅವಳನ್ನು ಎದೆಗೆ ಎತ್ತಿಕೊಂಡು ಆಸ್ಪತ್ರೆಗೆ ಓಡಿದ, ಬರಿಗಾಲಲ್ಲಿ. ಡಾಕ್ಟರಿಗೆ "ಜಾರಿ ಬಿದ್ಲು" ಅಂದ. ಡಾಕ್ಟರಮ್ಮ ನನ್ನ ಕಡೆ ತಿರುಗಿ "ಹೌದಾ ಅಜ್ಜಿ" ಎಂದರು. ನಾನು ಹೂಂ ಅಂದೆ. ಮಗಳು ಹೋಗಿದ್ದಳು, ಮೊಮ್ಮಗಳು ಹೋಗುವ ಹಾಗಿದ್ದಳು, ಮಗನನ್ನೂ ಪೊಲೀಸರಿಗೆ ಕೊಟ್ಟು ನಾನು ಯಾರ ಮುಖ ನೋಡಲಿ ಎಂದುಕೊಂಡೆ.

ಮನೆಗೆ ಬಂದು, ಅವಳ ರಕ್ತ ಮೆತ್ತಿದ ಅವನ ಅಂಗಿ ಬಿಚ್ಚಿಸಿ ಒಗೆಯಲು ಕೂತೆ. ಕುದಿಯುವ ನೀರು ಸುರಿದೆ. ನಲವತ್ತು ವರ್ಷ ಊರಿಗೆಲ್ಲ ತಣ್ಣೀರು ತಣ್ಣೀರು ಎಂದವಳು ನನ್ನ ಕೈಯಾರೆ ಕುದಿಯುವ ನೀರು ಸುರಿದೆ. ಕಲೆ ಕಂದು ಬಣ್ಣಕ್ಕೆ ತಿರುಗಿ ಕೂತುಬಿಟ್ಟಿತು. ಸುಡಬಹುದಿತ್ತು. ಬಟ್ಟೆಯಲ್ಲೇ ಬದುಕಿದವರಿಗೆ ಬಟ್ಟೆ ಸುಡಲು ಕೈ ಏಳುವುದಿಲ್ಲ, ಅದೂ ಎರಡೇ ಸಲ ಹಾಕಿದ ಅಂಗಿ. ಹೊಲಿಗೆ ಬಿಚ್ಚಿ, ಇಸ್ತ್ರಿ ಮೇಜಿನ ಮೇಲೆ ಮೆತ್ತಗಿರಲಿ ಎಂದು ಹಳೆ ಬಟ್ಟೆ ಪದರ ಹಾಸುತ್ತೇವಲ್ಲ, ಅದರ ಕೆಳಗೆ ಸೇರಿಸಿದೆ.

ಒಂಬತ್ತನೇ ದಿನ ಬುಗುರಿ ಕಣ್ಣು ಬಿಟ್ಟಳು. ನನ್ನನ್ನು ನೋಡಿ "ನೀವ್ಯಾರು" ಅಂದಳು. ಓದುವುದು ಬರೆಯುವುದು ಬರುತ್ತಿತ್ತು, ತನ್ನ ಹೆಸರು ಗೊತ್ತಿರಲಿಲ್ಲ. ಹಿಂದಿನದೆಲ್ಲ ಒಗೆದು ಹಿಂಡಿದ ಹಾಗೆ ಹೋಗಿತ್ತು. ಮನೆಗೆ ಕರೆತಂದು ಒಂದೊಂದಾಗಿ ಹೇಳಿಕೊಟ್ಟೆ: ಇದು ನಿನ್ನ ಹಾಸಿಗೆ, ಇವನು ನಿನ್ನ ಮಾವ, ನೀನು ಜಾರಿ ಬಿದ್ದೆ. ಕಾಗದ ಬಂದ ಸಂಗತಿ ಹೇಳಲಿಲ್ಲ. ಸೀಟಿಗೆ ಹೆಸರು ನೋಂದಾಯಿಸುವ ಕೊನೇ ದಿನ ಅವಳು ನನ್ನ ಪಕ್ಕದಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದಳು.

ಇನ್ನೊಂದು ವಿಷಯ ಶುರುವಾದದ್ದು ಆಮೇಲೆ. ಹೆಡ್‌ಮಾಸ್ತರರ ಕೋಟು ಒಗೆಯಲು ಬಂದಿತ್ತು. ಬುಗುರಿ ಅದನ್ನು ಬುಟ್ಟಿಗೆ ಹಾಕುತ್ತಾ ನಿಂತುಬಿಟ್ಟಳು.

"ಅಜ್ಜಿ, ಇವ್ರು ರಾಜೀನಾಮೆ ಬರೆದು ಜೇಬಲ್ಲಿಟ್ಕೊಂಡು ಮೂರು ದಿನ ಓಡಾಡಿದಾರೆ. ಕೊಡೋಕೆ ಧೈರ್ಯ ಬಂದಿಲ್ಲ."

"ಜೇಬಲ್ಲಿ ಚೀಟಿ ಸಿಕ್ತಾ?"

"ಇಲ್ಲ. ಬಟ್ಟೆ ಹೇಳ್ತು."

ತಲೆಗೆ ಪೆಟ್ಟು ಬಿದ್ದ ಮಗು, ಏನೋ ಬಡಬಡಿಸುತ್ತಾಳೆ ಎಂದುಕೊಂಡೆ. ನನ್ನ ಬಾಯಿಯೋ, ಬೀಗ ಇಲ್ಲದ ಬಾಗಿಲು. ಕೋಟು ಒಯ್ಯಲು ಬಂದ ಮಾಸ್ತರರನ್ನು "ಕೊಟ್ರಾ ಸ್ವಾಮಿ ರಾಜೀನಾಮೆ" ಎಂದು ಕೇಳಿಯೇಬಿಟ್ಟೆ. ಅವರ ಮುಖ ಬ್ಲೀಚು ಹಾಕಿದ ಹಾಗಾಯಿತು. ಕೋಟು ತೆಗೆದುಕೊಂಡು ಹೋದವರು ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ.

ಆಮೇಲೆ ದಿನಕ್ಕೊಂದು. ಬೇಕರಿಯವನ ಏಪ್ರನ್ ಮುಟ್ಟಿ "ಇವ್ನು ಹೆಂಡ್ತಿಗೆ ಹೆದ್ರಿ ಬೇಕರೀಲೇ ಮಲಗ್ತಾನೆ" ಎಂದು ನಗುವಳು. ಒಬ್ಬ ನರ್ಸಿನ ಬಿಳಿ ಕೋಟು ಮುಟ್ಟಿ ಅರ್ಧ ದಿನ ಊಟ ಬಿಟ್ಟಳು. ಒಗೆಯದ ಬಟ್ಟೆ ಮಾತ್ರ ಮಾತಾಡುತ್ತಿತ್ತು. "ಒಗೆದ್ಮೇಲೆ ಮೂಕ ಆಗ್ಬಿಡುತ್ತೆ ಅಜ್ಜಿ" ಅನ್ನುತ್ತಿದ್ದಳು. ಹೊರಗೆ ಯಾರಿಗೂ ಹೇಳಬಾರದು ಎಂದು ಇಬ್ಬರೂ ಒಪ್ಪಿಕೊಂಡೆವು.

ಅವಳಿಗೆ ಅದು ಆಟ, ನನಗೆ ಎದೆಯೊಳಗೆ ಕಲ್ಲು. ಮಗನ ಬಟ್ಟೆ ಮುಟ್ಟಿದರೆ? ನನ್ನದನ್ನು ಮುಟ್ಟಿದರೆ? "ಮನೆಯವರ ಬಟ್ಟೆ ನಾನೇ ಒಗೀತೀನಿ, ನೀನು ಅಂಗಡೀದು ನೋಡ್ಕೋ" ಅಂದೆ. ದಿನಾ ಬೆಳಿಗ್ಗೆ ಅವಳು ಏಳುವ ಮೊದಲೇ ಮಗನ ಹಿಂದಿನ ದಿನದ ಅಂಗಿಯನ್ನು ನೀರಿಗೆ ಹಾಕುತ್ತಿದ್ದೆ. ಎರಡು ವರ್ಷ. ಈ ಮಂಡಿ ಹೋದದ್ದು ಅದರಿಂದಲೇ, ಡಾಕ್ಟರು ವಯಸ್ಸು ಅನ್ನುತ್ತಾರೆ. ಬಟ್ಟೆ ಅವಳ ಹತ್ತಿರ ಮಾತಾಡುವುದು ಮಗನಿಗೂ ಗೊತ್ತಿತ್ತು. ಅವಳು ಹತ್ತಿರ ಬಂದರೆ ತೋಳು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. "ಮಾವಂಗೆ ನನ್ನ ಕಂಡ್ರೆ ಅಸಹ್ಯನಾ ಅಜ್ಜಿ" ಎಂದು ಒಮ್ಮೆ ಕೇಳಿದಳು. "ಅವನು ಹುಟ್ಟಿದಾಗಿಂದ ಹಾಗೇ ಕಣೆ" ಎಂದು ತೇಲಿಸಿದೆ.

ನನಗಿದ್ದ ಆಸೆ ಒಂದೇ. ಇಬ್ಬರೂ ಒಂದೇ ಮೇಜಿನ ಮುಂದೆ ಕೂತು ಉಣ್ಣಬೇಕು, ನಾನು ಸಾಯುವ ತನಕ. ಆಮೇಲೆ ಏನಾದರೂ ಆಗಲಿ.

ಅವಳಿಗೆ ಹದಿನೆಂಟು ತುಂಬಿದ ತಿಂಗಳು ಮಗ ಫೋನಿನಲ್ಲಿ ಹರಟುತ್ತಾ ಇಸ್ತ್ರಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಮಲಗಿಸಿ ಬಿಟ್ಟ. ಸುಟ್ಟ ವಾಸನೆ. ಮೇಲಿನ ಎರಡು ಪದರ ಕರಕಲಾಯಿತು. ನಾನು ಕಟ್ಟೆಯ ಮೇಲೆ ಯಾರದೋ ಪರದೆ ಎಣಿಸುತ್ತಿದ್ದೆ. "ನಾನು ಬೇರೆ ಪದರ ಹಾಸ್ತೀನಿ ಬಿಡು ಮಾವ" ಎಂದು ಬುಗುರಿ ಒಳಗೆ ಹೋದದ್ದು ಕೇಳಿಸಿತು. ಪರದೆ ಎಷ್ಟು ಎಂಬುದು ಮರೆತುಹೋಯಿತು. ಎದ್ದು ಹೋಗುವಷ್ಟರಲ್ಲಿ ಅವಳು ಆ ಅಂಗಿಯ, ಕಂದು ಕಲೆ ಹಾಗೇ ಕೂತಿದ್ದ ಎದೆಯ ತುಂಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಅಳಲಿಲ್ಲ, ಕೂಗಲಿಲ್ಲ. ಮೆತ್ತಗೆ ಕೇಳಿದಳು.

"ಮಾವ, ನಂಗೊಂದು ಕಾಗದ ಬಂದಿತ್ತಾ?"

"ಯಾವ ಕಾಗದ?"

"ನೀನು ಹರಿದದ್ದು."

ಮಗ ಫೋನನ್ನು ಕೆಳಗಿಟ್ಟ. "ಜಾರಿ ಬಿದ್ದಿದ್ದು ಕಣೆ. ನೆಲ ಒದ್ದೆ ಇತ್ತು" ಅಂದ.

ಅವಳು ನನ್ನ ಕಡೆ ತಿರುಗಿದಳು. "ನೀನೆಲ್ಲಿದ್ದೆ ಅಜ್ಜಿ?"

ಆಗಲಾದರೂ ಹೇಳಬಹುದಿತ್ತು. "ಅಡುಗೆಮನೇಲಿದ್ದೆ ಮಗಾ, ನಾನೇನೂ ನೋಡ್ಲಿಲ್ಲ" ಅಂದೆ. ಅವಳು ಹತ್ತಿರ ಬಂದು ನನ್ನ ಉಣ್ಣೆಯ ಶಾಲಿನ ತುದಿ ಹಿಡಿದಳು. ಉಣ್ಣೆಯನ್ನು ನಾವು ದಿನಾ ಒಗೆಯುವುದಿಲ್ಲ. ಮಗನ ಅಂಗಿ ನೀರಿಗೆ ಹಾಕುತ್ತಾ ಆ ದಿನವನ್ನೇ ನೆನೆಯುತ್ತಿದ್ದ ಒಂದು ಚಳಿಗಾಲದ ನನ್ನ ಬೆಳಗುಗಳೆಲ್ಲ ಅದರಲ್ಲಿದ್ದವು.

"ಮೆಟ್ಟಿಲ ಮೇಲಿದ್ದೆ ನೀನು" ಅಂದಳು. ಸ್ವಲ್ಪ ಹೊತ್ತು ಹಿಡಿದೇ ಇದ್ದಳು. ಮತ್ತೆ ಹೇಳಿದಳು, "ಮಾವ ನನ್ನ ಎತ್ಕೊಂಡು ಅಳ್ತಾ ಓಡಿದಾನೆ. ಅವನಿಗೆ ಸಿಟ್ಟು ಬಂತು, ಆಮೇಲೆ ಭಯ ಬಂತು, ಅಷ್ಟೇ. ನಿಂದು ಹಾಗಲ್ಲ ಅಜ್ಜಿ. ನೀನು ದಿನಾ ಎದ್ದು, ಯೋಚನೆ ಮಾಡಿ, ಮತ್ತೆ ಮಾಡಿದೀಯ."

ಮಗ ಗೋಡೆಗೆ ಹಣೆ ಕೊಟ್ಟು ನಿಂತಿದ್ದ. ನಾನು "ನಿನ್ನ ಒಳ್ಳೇದಕ್ಕೇ" ಎಂದು ಬಾಯಿ ತೆರೆದೆ. "ಅದೊಂದು ಹೇಳ್ಬೇಡ" ಅಂದಳು.

ಮರುದಿನ ಬೆಳಿಗ್ಗೆ ಒಂದು ಚೀಲ ಹಿಡಿದು ಹೊರಟಳು. ಮೊದಲು ಆ ಶಾಲೆಗೇ ಹೋದಳಂತೆ. ಸೀಟು ಎಂದೋ ಬೇರೆಯವರಿಗೆ ಹೋಗಿತ್ತು, ಪ್ರವೇಶದ ವಯಸ್ಸೂ ದಾಟಿತ್ತು. ಈಗ ಅದೇ ಊರಿನ ಒಂದು ಆಸ್ಪತ್ರೆಯಲ್ಲಿ, ಹಾಸಿಗೆ ಬಟ್ಟೆ ಒಗೆಯುವ ವಿಭಾಗದಲ್ಲಿ ಇದ್ದಾಳೆ. ರೋಗಿಗಳ ಹೊದಿಕೆಗಳನ್ನೆಲ್ಲ ಯಂತ್ರಕ್ಕೆ ಹಾಕುವ ಮೊದಲು ಮುಟ್ಟಬೇಕು. ಹೇಗೆ ತಡೆಯುತ್ತಾಳೋ. ರಬ್ಬರಿನ ಕೈಗವಸು ಹಾಕಿಕೊಂಡರೆ ಕೇಳಿಸುವುದಿಲ್ಲವಂತೆ, ಅಷ್ಟು ಮಾತ್ರ ಹೇಳಿದಳು.

ನಾನು ಹೋಗಿದ್ದೆ, ಎಂಟು ತಿಂಗಳ ಮೇಲೆ. ಹಿಂದಿನದು ಅವಳಿಗೆ ಇವತ್ತಿಗೂ ನೆನಪಿಲ್ಲ. ಆ ಅಂಗಿ ಕೊಟ್ಟದ್ದು ಒಂದು ಮಧ್ಯಾಹ್ನ ಮಾತ್ರ. ಅವಳಿಗೆ ಮೈತುಂಬ ಗುಳ್ಳೆ ಎದ್ದು ಅಮ್ಮ ಬಂದಾಗ ನಾನು ಹದಿನೇಳು ದಿನ ಕೂತಲ್ಲೇ ನಿದ್ದೆ ಮಾಡಿದ್ದು, ಮೊದಲ ಹಲ್ಲು ಬಿದ್ದಾಗ ಅವಳು ಅದನ್ನು ಮಾವನ ಚಹಾದ ಲೋಟಕ್ಕೆ ಹಾಕಿದ್ದು, ಅವನು ನುಂಗಿದ್ದು, ಮೂವರೂ ನೆಲದ ಮೇಲೆ ಬಿದ್ದು ನಕ್ಕದ್ದು, ಯಾವುದೂ ಗೊತ್ತಿಲ್ಲ. ನಾನು ಹೇಳಿದರೆ ನಂಬಬೇಕಾದರೂ ಯಾಕೆ? ಅದಕ್ಕೇ ಪೆಟ್ಟಿಗೆಯಿಂದ ಅವಳ ಹಳೆಯ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿಕೊಂಡು ಹೋಗಿದ್ದೆ. ಹುಟ್ಟಿದಾಗಿನ ಬಟ್ಟೆ, ಹಳದಿ ಫ್ರಾಕು, ಶಾಲೆಯ ಮೊದಲ ದಿನದ್ದು.

ಯಂತ್ರಗಳ ಸದ್ದಿನ ನಡುವೆ ನನಗೊಂದು ಸ್ಟೂಲು ಎಳೆದು ಹಾಕಿದಳು. ನೀರು ಕೊಟ್ಟಳು. ಮಂಡಿ ಹೇಗಿದೆ ಎಂದು ಕೇಳಿದಳು. ಕೈಗವಸು ಕಳಚಿ ಒಂದೊಂದೇ ಬಟ್ಟೆಯನ್ನು ಅಂಗೈಯಲ್ಲಿ ಹರಡಿ ಕಣ್ಣು ಮುಚ್ಚಿದಳು. ಹಳದಿ ಫ್ರಾಕನ್ನು ಎರಡು ಸಲ ಹಿಡಿದು ನೋಡಿದಳು, ಕೆನ್ನೆಗೂ ಒತ್ತಿ ನೋಡಿದಳು. ಪಾಪ, ಅವಳಿಗೂ ಬೇಕಿತ್ತು.

"ಏನೂ ಇಲ್ಲ ಅಜ್ಜಿ" ಅಂದಳು. "ತುಂಬಾ ಚೆನ್ನಾಗಿ ಒಗೆದಿದೀಯ."

ಆಮೇಲೆ ಎಲ್ಲವನ್ನೂ ಮಡಿಸಿ, ಗಂಟು ಕಟ್ಟಿ ನನ್ನ ತೊಡೆಯ ಮೇಲೆ ಇಟ್ಟಳು. ಹೊದಿಕೆಗಳ ಗಾಡಿ ಬಂದಿತ್ತು, ಎದ್ದು ಹೋದಳು.