ಹೆಸರಿಗೊಂದು ಚಿತ್ರ

ಮೂರು ಹೆಣ್ಣಾದ ಮೇಲೆ ಹುಟ್ಟಿದವಳು ನಾನು. ‘ಹೆಣ್ಣು ಸಾಕು’ ಎಂದು ದೇವರಿಗೆ ತಿಳಿಯಲಿ ಅಂತ ಅಪ್ಪ ಅದನ್ನೇ ನನಗೆ ಹೆಸರು ಮಾಡಿದರು. ನಮ್ಮಲ್ಲಿ ಇದೇನೂ ಹೊಸದಲ್ಲ. ಬೆಂಗಳೂರಿನ ಅಂಚಿನ ನಮ್ಮ ಹಳ್ಳಿ ಇಟ್ಟಮಡುವಿನಲ್ಲಿ ಆಗ ಅಂಥ ಹೆಸರಿನವರು ಇನ್ನೂ ಕೆಲವರಿದ್ದರು. ದೇವರ ಜೊತೆ ಮಾತಾಡಬೇಕಿದ್ದರೆ ಅಪ್ಪ ಗುಡಿಗೆ ಹೋಗಬಹುದಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ಹೊಲದ ಬದುವಿನ ಮೇಲೆ ನಡೆದು ಜಯನಗರದ ಶಾಲೆಗೆ ಹೋಗುತ್ತಿದ್ದೆ. ಒಂದು ದಿನ ಡ್ರಾಯಿಂಗ್ ಮೇಷ್ಟ್ರು ಮೆಕ್ಸಿಕೋದ ಹಳೆಯ ಚಿತ್ರಗಳ ಪುಸ್ತಕ ತಂದರು. ಅಲ್ಲಿ ನಹುವಾಟ್ಲ್ ಭಾಷೆಯ ಜನ ಮನುಷ್ಯರ ಹೆಸರನ್ನು ಚಿತ್ರವಾಗಿ ಬರೆಯುತ್ತಿದ್ದರಂತೆ. ಒಬ್ಬ ದೊರೆಯ ತಲೆಯ ಹಿಂದೆ ಹೊಗೆಯಾಡುವ ಗುರಾಣಿ, ಇನ್ನೊಬ್ಬನ ಹಿಂದೆ ಬೆನ್ನ ತುಂಬ ಕಪ್ಪು ಕಲ್ಲಿನ ಅಲಗುಗಳಿದ್ದ ಹಾವು. ತಲೆಯಿಂದ ಚಿತ್ರಕ್ಕೆ ಒಂದು ಗೆರೆ.

‘ನಿಮ್ ನಿಮ್ ಹೆಸರು ಹೀಗೇ ಬರೀರಿ’ ಅಂದರು ಮೇಷ್ಟ್ರು.

ಪಕ್ಕದವಳು ತಾವರೆ ಬರೆದಳು, ಅವಳ ಪಕ್ಕದವಳು ಚಂದ್ರ. ಮುದ್ದಿನಿಂದ ಹೆಸರಿಡಿಸಿಕೊಂಡವರಿಗೆ ಏನು ಕಷ್ಟ? ನಾನು ಅನ್ನ ಬಡಿಸಿದ ಬಾಳೆಲೆ ಬರೆದು, ಇನ್ನು ಬೇಡ ಅನ್ನುವಾಗ ಹಿಡಿಯುವ ಹಾಗೆ ಅದರ ಮೇಲೊಂದು ಕೈ ಅಡ್ಡ ಬರೆದೆ. ಮೇಷ್ಟ್ರು ಮೆಚ್ಚಿ ಗೋಡೆಗೆ ಅಂಟಿಸಿದರು. ನನಗೆ ಮೈಯೆಲ್ಲ ಉರಿಯಿತು.

ಶಾಲೆಯ ವಾರ್ಷಿಕೋತ್ಸವಕ್ಕೆ ಅಪ್ಪನೂ ಬಸುರಿ ಅಮ್ಮನೂ ಬಂದರು. ಓದು ಬಾರದ ಅಮ್ಮ ಅಷ್ಟು ಚಿತ್ರಗಳಲ್ಲಿ ನನ್ನದನ್ನು ಯಾರನ್ನೂ ಕೇಳದೆ ಗುರುತಿಸಿದಳು. ಅದರ ಮುಂದೆ ತುಂಬ ಹೊತ್ತು ನಿಂತಳು.

‘ಇವಳ ಹೆಸರು ಬದಲಾಯಿಸಿಬಿಡಿ. ನೀವು ಸೈನ್ ಹಾಕಿದ್ರೆ ಆಗುತ್ತಂತೆ, ದೊಡ್ಡ ಟೀಚರ್ ಹೇಳಿದ್ರು’ ಅಂದಳು ಅಪ್ಪನಿಗೆ.

‘ಬುದ್ಧಿ ಇದೆಯಾ ನಿಂಗೆ? ಹೊಟ್ಟೇಲಿರೋದು ಗಂಡಾಗ್ಲಿ, ಆಮೇಲೆ ನೋಡೋಣ.’

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ತಮ್ಮ ಹುಟ್ಟಲಿ ಎಂದು ನನ್ನಷ್ಟು ಹರಕೆ ಹೊತ್ತವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ತಮ್ಮ ಹುಟ್ಟಿದ. ನಾಮಕರಣದ ದಿನ, ಅಪ್ಪ ಖುಷಿಯಲ್ಲಿದ್ದ ಹೊತ್ತು ನೋಡಿ ಕೇಳಿದೆ: ‘ಈಗ ಬದಲಾಯಿಸ್ತೀರಾ, ಅಪ್ಪಾ?’

ಅಪ್ಪ ನಕ್ಕರು. ‘ಇಷ್ಟು ಚೆನ್ನಾಗಿ ಕೆಲಸ ಮಾಡಿರೋ ಹೆಸರನ್ನ ಯಾರಾದ್ರೂ ಬಿಡ್ತಾರಾ?’

ನೆಂಟರೂ ನಕ್ಕರು. ಅಮ್ಮ ಮಗುವಿನ ಮುಖವನ್ನೇ ನೋಡುತ್ತಿದ್ದಳು, ತಲೆ ಎತ್ತಲಿಲ್ಲ.

ಅವತ್ತಿನಿಂದ ಅಪ್ಪ ಹೆಸರು ಹಿಡಿದು ಕರೆದರೆ ನಾನು ಓಗೊಡುವುದನ್ನು ಬಿಟ್ಟೆ. ಬೈದರು, ಹೊಡೆದರು, ಆಮೇಲೆ ಅವರಿಗೂ ರೂಢಿಯಾಯಿತು. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಮಗನನ್ನಲ್ಲ, ನನ್ನನ್ನೇ ಹೆಸರು ಹಿಡಿದು ಕರೆಯುತ್ತಿದ್ದರು. ಹೋಗಿ ಪಕ್ಕದಲ್ಲಿ ಕೂತೆ, ನೀರು ಕುಡಿಸಿದೆ. ಓಗೊಡಲಿಲ್ಲ.