ಉದ್ದ ಕೂದಲಿನ ಇಲಿಗೆ ಹಾಸಿದ ಹಾಸಿಗೆಗಳು

ಹೋದ ವಾರ ನೀವಿಬ್ಬರೂ ಫೋನಿನಲ್ಲಿ ನಿಮ್ಮ ಹ್ಯಾಮ್‌ಸ್ಟರಿನ ಹೊಸ ಹಾಸಿಗೆ ತೋರಿಸಿದಿರಿ. ಚೀಲದಲ್ಲಿ ಬಂದದ್ದು, ಬೆಳ್ಳಗೆ, ಮೆತ್ತಗೆ. "ಇಲಿಗೂ ಹಾಸಿಗೆ ಬೇಕು ಅಂತ ನಿಮಗೆ ಗೊತ್ತಿತ್ತಾ ಅಜ್ಜಿ?" ಎಂದು ಕೇಳಿ ನಕ್ಕಿರಿ. ನಾನು ಸುಮ್ಮನೆ ತಲೆಯಾಡಿಸಿದೆ. ಪರದೆಯಲ್ಲಿ ನನ್ನ ಮುಖವನ್ನು ನಾನೇ ನೋಡಿಕೊಂಡು ಮಾತಾಡುವುದಕ್ಕೆ ನನಗೆ ಈಗಲೂ ನಾಚಿಕೆ. ಆದರೆ ಗೊತ್ತಿತ್ತು ಮಕ್ಕಳೇ. ನಿಮ್ಮ ಅಮ್ಮ ಆರನೇ ಕ್ಲಾಸಿನಲ್ಲಿದ್ದಾಗ, ಗುಂಡ್ಲುಪೇಟೆಯ ಬಾಡಿಗೆ ಮನೆಯಲ್ಲಿ, ಒಂದು ತಿಂಗಳು ನಾನು ಅಂಥದ್ದೇ ಪ್ರಾಣಿಗೆ ಹಾಸಿಗೆ ಹುಡುಕಿದ್ದೇನೆ. ಮಾತಿನಲ್ಲಿ ಹೇಳಲಾಗದ್ದನ್ನು ಬರೆದು ಕಳಿಸುತ್ತಿದ್ದೇನೆ.

ಆಗ ನಿಮ್ಮ ತಾತ ಬಂಡೀಪುರದಲ್ಲಿ ಫಾರೆಸ್ಟ್ ವಾಚರ್. ಶನಿವಾರ ಬಂದರೆ ಸೋಮವಾರ ಬೆಳಿಗ್ಗೆ ಮತ್ತೆ ಬಸ್ಸು ಹತ್ತುತ್ತಿದ್ದರು. ನಿಮ್ಮ ಅಮ್ಮನನ್ನು ನನ್ನ ತವರು ಹರವೆಯ ಶಾಲೆ ಬಿಡಿಸಿ ಪೇಟೆಯ ಶಾಲೆಗೆ ಹಾಕಿ ಒಂದು ವರ್ಷವಾಗಿತ್ತು. ಅವಳೂ ನನ್ನಂತೆಯೇ ಬಾಯಿ ಬಿಡುವವಳಲ್ಲ. ಇಡೀ ಶಾಲೆಯಲ್ಲಿ ಅವಳಿಗೆ ಒಬ್ಬಳೇ ಗೆಳತಿ, ಕಾಲೇಜು ಮೇಷ್ಟ್ರ ಮಗಳು. ಮೈಸೂರಿನಿಂದ ಬಂದವರು. ಆ ಹುಡುಗಿ ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೊರಡುವ ದಿನ ಒಂದು ಪಂಜರ ತಂದು ನಮ್ಮ ಜಗುಲಿಯ ಮೇಲಿಟ್ಟಳು.

ಒಳಗೆ ಒಂದು ಕೂದಲಿನ ಉಂಡೆ. ಮುಂದಿನ ಭಾಗ ಇಲಿ, ಹಿಂದಿನ ಭಾಗ ಲಂಗ. ಬೆನ್ನಿನಿಂದ ಇಳಿದ ಕೂದಲು ನೆಲ ಗುಡಿಸುತ್ತಿತ್ತು. ಗಂಡಂತೆ, ಗಂಡಿಗೇ ಅಷ್ಟು ಉದ್ದ ಬರುವುದಂತೆ.

"ಆಂಟಿ, ಈ ಮರದ ಸಿಪ್ಪೆ ಒಂದು ವಾರಕ್ಕೆ ಬರುತ್ತೆ. ಆಮೇಲೆ ಏನಾದ್ರೂ ಮೆತ್ತಗಿರೋದು ಹಾಕಿ. ಈ ಬ್ರಷ್‌ನಲ್ಲಿ ದಿನಾ ಬಾಚಿ. ಕೂದಲು ಮಾತ್ರ ಹಾಳಾಗಬಾರದು," ಎಂದಳು. ಆಮೇಲೆ ನಿಮ್ಮ ಅಮ್ಮನ ಕಡೆ ತಿರುಗಿ, "ನಿನ್ನ ಬಿಟ್ಟು ಬೇರೆ ಯಾರಿಗೂ ಕೊಡ್ತಿರ್ಲಿಲ್ಲ ಕಣೆ," ಎಂದಳು.

ಅಷ್ಟು ಸಾಕಾಯಿತು. ನಿಮ್ಮ ಅಮ್ಮ ಅವತ್ತಿನಿಂದ ಆ ಕೂದಲನ್ನು ತನ್ನ ಜಡೆಗಿಂತ ಹೆಚ್ಚು ನೋಡಿಕೊಂಡಳು. ಅದು ಕೆಟ್ಟರೆ ಗೆಳತಿ ಹೋದಳು ಎಂದೇ ಅವಳ ಲೆಕ್ಕ.

ವಾರದಲ್ಲಿ ಸಿಪ್ಪೆ ಮುಗಿಯಿತು. ನಾನು ಚೀಲ ಹಿಡಿದು ಮರ ಕೊಯ್ಯುವ ಮಿಲ್ಲಿಗೆ ಹೋದೆ. ಅಲ್ಲಿದ್ದವನು ನನ್ನ ಚೀಲ ನೋಡಿದ.

"ಏನಕ್ಕ, ಒಲೆಗಾ?"

ಇಲಿಯ ಹಾಸಿಗೆಗೆ ಎಂದು ಹೇಳಲು ನಾಲಿಗೆ ಏಳಲಿಲ್ಲ. "ಊಂ" ಎಂದೆ. ಅವನು ಹಿಟ್ಟಿನಂಥ ಮರದ ಪುಡಿಯನ್ನು ತುಳಿದು ತುಳಿದು ತುಂಬಿಕೊಟ್ಟ. "ತಕಳಕ್ಕ, ಚೆಂದಾಗಿ ಉರೀತದೆ," ಎಂದ. ನಾನು ಅದಕ್ಕೂ ತಲೆಯಾಡಿಸಿ ಬಂದೆ. ಪಂಜರಕ್ಕೆ ಹಾಸಿದ ಗಳಿಗೆಯಲ್ಲಿ ಇಲಿ ಒಂದೇ ಸಮ ಸೀನಿತು. ಸಂಜೆಗೆ ಅದು ರವೆಯಲ್ಲಿ ಹೊರಳಿಸಿದ ಕರಿಗಡುಬಿನ ಹಾಗಿತ್ತು.

ಆಮೇಲೆ ರಾಗಿ ಹುಲ್ಲು ಹಾಕಿದೆ. ಎತ್ತಿಗೆ ಆಗುವುದು ಇಲಿಗೆ ಯಾಕಾಗಬಾರದು ಎಂದು ನನ್ನ ಯೋಚನೆ. ಹುಲ್ಲಿನ ಚೂರೆಲ್ಲ ಲಂಗಕ್ಕೆ ಸಿಕ್ಕಿ, ಇಲಿ ಓಡಿದಲ್ಲೆಲ್ಲ ಒಂದು ಸಣ್ಣ ಪೊರಕೆ ಓಡಿದ ಹಾಗೆ ಕಾಣುತ್ತಿತ್ತು. ನ್ಯೂಸ್‌ಪೇಪರ್ ಹರಿದು ಹಾಕಿದೆ. ಅಚ್ಚಿನ ಮಸಿ ಹತ್ತಿ ಬಿಳಿ ಹೊಟ್ಟೆ ಬೂದಿ ಬಣ್ಣಕ್ಕೆ ತಿರುಗಿತು.

"ಅವ್ವ, ಸುಮ್ನಿರು ನೀನು. ಅವ್ಳು ಬಂದ್ರೆ ನಾನು ಏನೇಳ್ಲಿ?" ಎಂದು ನಿಮ್ಮ ಅಮ್ಮ ಮುಖ ಊದಿಸಿಕೊಂಡಳು.

ಇದರ ಜೊತೆಗೆ ನನ್ನದೊಂದು ತಪ್ಪು ದಿನಾ ನಡೆಯುತ್ತಿತ್ತು. ತಪ್ಪೆಂದು ನನಗೆ ಗೊತ್ತಿರಲಿಲ್ಲ. ನಾನು ರೇಷ್ಮೆ ಹುಳು ಸಾಕುವ ಮನೆಯಲ್ಲಿ ಹುಟ್ಟಿ ಬೆಳೆದವಳು. ಹುಳುವಿನ ತಟ್ಟೆಯಲ್ಲಿ ಹಳೇ ಸೊಪ್ಪು, ಹಿಕ್ಕೆ ಉಳಿದರೆ ರೋಗ ಬಂದು ಇಡೀ ಬೆಳೆ ಹೋಗುತ್ತದೆ. ಬೆಳಿಗ್ಗೆ ಎದ್ದು ಹಾಸಿಗೆ ಪೂರ್ತಿ ತೆಗೆದು ಹೊಸದು ಮಾಡಬೇಕು. ಕೈ ಅದನ್ನೇ ಕಲಿತಿತ್ತು. ಇಲಿಯ ಪಂಜರವನ್ನೂ ದಿನಾ ಬೆಳಿಗ್ಗೆ ಖಾಲಿ ಮಾಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಹೊಸ ಹಾಸಿಗೆ ಹಾಕುತ್ತಿದ್ದೆ. ಮೂಲೆಯಲ್ಲಿ ಅದು ಕೂಡಿಟ್ಟ ಕಡಲೆಕಾಯಿ ಬೀಜವನ್ನೂ ಗುಡಿಸಿ ಎಸೆಯುತ್ತಿದ್ದೆ. ಒಂದು ದಿನ ಅದರ ಎರಡೂ ಕೆನ್ನೆ ಊದಿದ್ದು ಕಂಡು ಮಂಗನಬಾವು ಬಂತೆಂದು ಹೆದರಿದೆ. ನೋಡಿದರೆ, ನಾನು ಗುಡಿಸುವ ಮೊದಲೇ ಬೀಜವನ್ನೆಲ್ಲ ಬಾಯಲ್ಲಿ ತುಂಬಿಕೊಂಡು ಕಾಯುತ್ತಿತ್ತು.

ಹಗಲೆಲ್ಲ ಮಲಗುವುದನ್ನು ಕಂಡಾಗ ಇನ್ನೊಂದು ಯೋಚನೆ ಬಂತು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲುಗಾಡದೆ ಇರುತ್ತದೆ. ಆಗ ನಾವು ಸೊಪ್ಪು ನಿಲ್ಲಿಸಿ, ಹಾಸಿಗೆ ಒಣಗಲೆಂದು ಮೇಲೆ ಸುಣ್ಣದ ಪುಡಿ ಉದುರಿಸುತ್ತೇವೆ. ನಾನು ಸುಣ್ಣದ ಡಬ್ಬಿ ಹುಡುಕುವುದನ್ನು ಕಂಡು ನಿಮ್ಮ ಅಮ್ಮ ಪಂಜರಕ್ಕೆ ಅಡ್ಡ ನಿಂತಳು.

"ಅದು ಉಳ ಅಲ್ಲ ಕಣವ್ವ. ಅದ್ಕೆ ಕಾಲೈತೆ, ಕಿವಿಯೈತೆ."

ಡಬ್ಬಿ ಮತ್ತೆ ಅಟ್ಟಕ್ಕೆ ಹೋಯಿತು. ಆದರೂ ನನ್ನ ಬುದ್ಧಿ ಹುಳುವನ್ನು ಬಿಡಲಿಲ್ಲ. ಮೆತ್ತಗಿರುವುದು ಎಂದರೆ ರೇಷ್ಮೆಗಿಂತ ಮೆತ್ತಗಿರುವುದು ಯಾವುದು? ಹರವೆಗೆ ಹೋಗಿ ಬಂದೆ. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸಿದ ಮೇಲೆ ಅದಕ್ಕೆ ಅಂಟಿಕೊಂಡು ಮೋಡದಂಥ ಎಳೆ ಉಳಿಯುತ್ತದೆ. ಅದನ್ನು ಬಿಡಿಸಿ ಒಂದು ಪೊಟ್ಟಣ ತಂದೆ. ಪಂಜರದಲ್ಲಿ ಹರಡಿದಾಗ ನಿಮ್ಮ ಅಮ್ಮನ ಮುಖವೂ ಅರಳಿತು. ರಾಜರ ಮನೆಯ ಇಲಿಗೂ ಅಂಥ ಹಾಸಿಗೆ ಸಿಕ್ಕಿರಲಾರದು.

ಮಾರನೆಯ ಬೆಳಿಗ್ಗೆ ಇಲಿ ಎಲ್ಲಿ ಮುಗಿಯಿತು, ರೇಷ್ಮೆ ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಎಡಪಕ್ಕದ ಕೂದಲು ಎಳೆಯೊಂದಿಗೆ ಸೇರಿ ಒಂದೇ ಗಂಟು. ಹಿಂಗಾಲಿಗೂ ಎಳೆ ಸುತ್ತಿಕೊಂಡು ಬಿಗಿದಿತ್ತು. ಬ್ರಷ್ಷು ಇಳಿಯಲಿಲ್ಲ. ನಾನು ರವಿಕೆ ಹೊಲಿಯುವಾಗ ಬಳಸುವ ಸಣ್ಣ ಕತ್ತರಿ ತೆಗೆದುಕೊಂಡೆ. ನಿಮ್ಮ ಅಮ್ಮ ಕಣ್ಣು ಮುಚ್ಚಿಕೊಂಡು ಇಲಿಯನ್ನು ಹಿಡಿದಳು. ಕಾಲು ಉಳಿಯಿತು. ಎಡಗಡೆಯ ಲಂಗ ಹೋಯಿತು.

ಅವತ್ತು ಶನಿವಾರ. ತಾತ ಬಂದವರು ಚಪ್ಪಲಿ ಬಿಡುತ್ತಲೇ ನೋಡಿದರು, ಮಗಳು ಒಂದು ಮೂಲೆಯಲ್ಲಿ, ಇಲಿ ಒಂದು ಮೂಲೆಯಲ್ಲಿ.

"ಇದ್ಯಾಕಮ್ಮಿ, ಅರ್ಧ ಕ್ಷೌರ ಮಾಡಿ ಕೂರ್ಸಿದ್ದೀಯೆ? ಬೀದಿ ಬೀದೀಲಿ ಪಿನ್ ಕೊಟ್ಟು ಕೂದ್ಲು ತಕಳೋಳು ಬಂದಿದ್ಲಾ?"

"ನಗಬ್ಯಾಡಿ ಕಣಿ. ಮಗ್ಳು ಬೆಳಗಿಂದ ಉಂಡಿಲ್ಲ," ಎಂದೆ. ನಡೆದದ್ದೆಲ್ಲ ಹೇಳಿದೆ.

ಅವರು ಪಂಜರದ ಮುಂದೆ ಕುಕ್ಕರಗಾಲಲ್ಲಿ ಕೂತು ತುಂಬ ಹೊತ್ತು ನೋಡಿದರು. ಕಾಡಿನಲ್ಲೂ ಅವರು ಹಾಗೇ ನೋಡುತ್ತಿದ್ದರೆಂದು ಕಾಣುತ್ತದೆ. ಆಮೇಲೆ ಕೇಳಿದರು, "ಹಳೇ ಹಾಸಿಗೆ ಏನ್ ಮಾಡ್ತೀಯೆ?"

"ದಿನಾ ಎಸೀತೀನಿ. ಗಲೀಜಲ್ವಾ?"

"ದಿನಾ ಇದರ ಮನೆ ಕಿತ್ತಾಕ್ಬುಟ್ಟು, ದಿನಾ ಕಟ್ಕೋ ಅಂತೀಯೆ. ತನ್ ವಾಸ್ನೆ ಇಲ್ದಿರೋ ಜಾಗ್ದಲ್ಲಿ ಯಾವ ಪ್ರಾಣಿ ಮಲಿಕತ್ತದೆ ಹೇಳು? ಅದ್ಕೇ ಕೈಗೆ ಸಿಕ್ಕಿದ್ದೆಲ್ಲ ಮೈಗೆ ಸುತ್ಕೊಂಡದೆ. ಒದ್ದೆಯಾದಷ್ಟು ತೆಗಿ. ಮಿಕ್ಕಿದ್ದು ಬುಡು. ಬದಲಾಯ್ಸಿದ್ರೂ ಹಳೇದು ಒಂದಿಡಿ ಉಳ್ಸು."

ಹಾಸಲು ಏನೆಂಬುದು ಇನ್ನೂ ಉಳಿದಿತ್ತು. ಧೂಳಿರಬಾರದು, ಮಸಿ ಇರಬಾರದು, ಚುಚ್ಚಬಾರದು, ಎಳೆಯಿರಬಾರದು. ನಿಮ್ಮ ಅಮ್ಮ ಮೂಲೆಯಿಂದ ಎದ್ದು ಟ್ರಂಕು ತೆಗೆದಳು. ಆಗ ಪ್ರತಿ ವರ್ಷ ಹಳೇ ನೋಟ್‌ಬುಕ್ಕುಗಳಲ್ಲಿ ಬರೆಯದೆ ಉಳಿದ ಹಾಳೆ ಕಿತ್ತು, ಒಟ್ಟಿಗೆ ಹೊಲಿದು, ಮುಂದಿನ ವರ್ಷಕ್ಕೆ ರಫ್ ಪುಸ್ತಕ ಮಾಡುತ್ತಿದ್ದೆವು. ಅವಳು ಅದನ್ನು ರಜೆಯ ಮೊದಲ ದಿನವೇ ಹೊಲಿದು, ರಟ್ಟಿನ ಮೇಲೆ ಹೂವು ಬರೆದು ಇಟ್ಟಿದ್ದಳು. ಈಗ ಅದರ ದಾರ ಬಿಚ್ಚಿದಳು. ಹಾಳೆಗಳನ್ನು ಎರಡು ಬೆರಳಗಲ ಹರಿದು, ಕೈಯಲ್ಲಿ ಹಿಸುಕಿ ಹಿಸುಕಿ ಮೆತ್ತಗೆ ಮಾಡಿದಳು. ತಾತನೂ ಹರಿಯಲು ಕೂತರು.

"ಓದಿದ ಇಲಿ ಆಯ್ತದೆ ಬುಡು," ಎಂದರು.

ಇಲಿ ಆ ಚೂರುಗಳನ್ನು ಒಂದೊಂದಾಗಿ ಕಚ್ಚಿ ಮೂಲೆಗೆ ಎಳೆದು ಗುಂಡಗೆ ಗೂಡು ಮಾಡಿತು. ಕೂದಲಿಗೆ ಏನೂ ಅಂಟಲಿಲ್ಲ. ಬೆಳಿಗ್ಗೆ ನನ್ನ ಕೈ ಪಂಜರದ ಬಾಗಿಲಿಗೆ ಹೋಗುತ್ತಿತ್ತು. ಹಿಂದಕ್ಕೆಳೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ.

ರಜೆ ಮುಗಿದು ಆ ಹುಡುಗಿ ಬಂದಳು, ಮೈಸೂರಿನಿಂದ ತಂದ ಹೊಸ ಸಿಪ್ಪೆಯ ಚೀಲದ ಸಮೇತ. ಎಡಗಡೆ ಕೂದಲು ಇನ್ನೂ ಗೋಧಿ ಮೊಳಕೆಯಷ್ಟೇ ಬಂದಿತ್ತು. ಅವಳು ನೋಡಿದಳು. ನಿಮ್ಮ ಅಮ್ಮ, "ನಾನೇ ಕತ್ತರಿಸಿದ್ದು," ಎಂದಳು. ನಾನು ಬಾಗಿಲ ಹಿಂದಿದ್ದವಳು ಹೊರಗೆ ಬಂದೆ.

"ಇಲ್ಲ ಮಗ. ರೇಷ್ಮೆ ಹಾಕಿದ್ದು ನಾನು, ಕತ್ತರಿಸಿದ್ದೂ ನಾನು. ಅವಳ್ದೇನೂ ತಪ್ಪಿಲ್ಲ."

ಪರರ ಮುಂದೆ ನಾನು ಅಷ್ಟು ಉದ್ದ ಮಾತಾಡಿದ್ದು ಆ ವರ್ಷದಲ್ಲಿ ಅದೊಂದೇ ಇರಬೇಕು. ಆ ಹುಡುಗಿ ನಮ್ಮ ಕಾಗದವನ್ನೆಲ್ಲ ತೆಗೆದು ಜಗುಲಿಯ ಮೇಲಿಟ್ಟು, ಹೊಸ ಸಿಪ್ಪೆ ಸುರಿದು, ಪಂಜರ ಎತ್ತಿಕೊಂಡು ಹೋದಳು. ಹೋಗಿ ಬರುತ್ತೇನೆಂದೂ ಹೇಳಲಿಲ್ಲ. ನಿಮ್ಮ ಅಮ್ಮ ಅವತ್ತು ಮುದ್ದೆ ಮುರಿಯದೆ ತಟ್ಟೆ ಸರಿಸಿದಳು. ಕಾಗದವನ್ನು ಮೊರಕ್ಕೆ ತುಂಬಿದ ನನಗೆ ತಿಪ್ಪೆಗೆ ಹಾಕಲು ಮನಸ್ಸಾಗಲಿಲ್ಲ. ಹಾಗೇ ಬಿಟ್ಟೆ.

ಮಾರನೆಯ ಬೆಳಿಗ್ಗೆ ಬಾಗಿಲಲ್ಲಿ ಅದೇ ಹುಡುಗಿ.

"ಆಂಟಿ, ಅದು ಮಲಗ್ತಾನೇ ಇಲ್ಲ. ಸಿಪ್ಪೆನೆಲ್ಲ ಕೆರೆದು ಕೆರೆದು ಏನೋ ಹುಡುಕ್ತಿದೆ. ನಿಮ್ಮನೆ ಕಾಗದ ಎಸೆದುಬಿಟ್ರಾ?"

ನಾನು ಮೊರ ತಂದು ಅವಳ ಮುಂದಿಟ್ಟೆ. ಅವಳು ಒಂದು ಚೂರು ಎತ್ತಿಕೊಂಡು, ರೂಲು ಗೆರೆಯನ್ನೂ ಹೊಲಿಗೆಯ ತೂತನ್ನೂ ನೋಡಿದಳು. ನಿಮ್ಮ ಅಮ್ಮನ ಕಡೆ ನೋಡಿದಳು.

"ನಿನ್ನ ರಫ್ ಪುಸ್ತಕನೇನೆ ಇದು?"

ಸ್ಕೂಲು ಶುರುವಾಗುವ ಹೊತ್ತಿಗೆ ಅವಳು ತನ್ನ ಹಳೇ ನೋಟ್‌ಬುಕ್ಕುಗಳನ್ನೆಲ್ಲ ಹೊತ್ತು ತಂದಳು. ಇಬ್ಬರೂ ಜಗುಲಿಯಲ್ಲಿ ಕೂತು ಹಾಳೆ ಕಿತ್ತು ಮೂರು ಪಾಲು ಮಾಡಿದರು: ಇಬ್ಬರಿಗೆ ಎರಡು, ಇಲಿಗೆ ಒಂದು. ಹೊಲಿದು ಕೊಟ್ಟವಳು ನಾನು.

ನಿಮ್ಮ ಚೀಲದ ಹಾಸಿಗೆ ಚೆನ್ನಾಗಿದೆ. ಬದಲಿಸುವಾಗ ಮಾತ್ರ ಹಳೆಯದು ಒಂದು ಹಿಡಿ ಉಳಿಸಿ.