ನಮ್ಮನೆಯವರ ಹಿಮಾಲಯ

ನಮ್ಮನೆಯವರು ರಾಮಸ್ವಾಮಿ ಮೂವತ್ತನಾಲ್ಕು ವರ್ಷ ಹಿಮಾಲಯ ಬರೆದರು. ಹತ್ತಿದ್ದು ಮಾತ್ರ ಬ್ಯೂಗಲ್ ರಾಕ್ ಅನ್ನೋ ಪುಟ್ಟ ಗುಡ್ಡ, ಅದೂ ಅರ್ಧ. ನಕ್ಷೆ ಕಚೇರಿಯಲ್ಲಿ ಕೆಲಸ. ಯಾರೋ ಬೆಟ್ಟ ಸುತ್ತಿ ಅಳತೆ ತಂದರೆ ಇವರು ಕೂತಲ್ಲೇ ಇಂಕಿನಲ್ಲಿ ಗೆರೆ ಎಳೆಯಬೇಕು. ಊರಿಗೆ ಕಪ್ಪು ಚುಕ್ಕೆ, ನೀರಿಗೆ ನೀಲಿ, ಕಡಿದಾದ ಬೆಟ್ಟಕ್ಕೆ ಒತ್ತೊತ್ತು ಗೆರೆ. ಚಾಮರಾಜಪೇಟೆಯ ನಮ್ಮ ಅಡುಗೆಮನೆಯಲ್ಲೂ ಅದೇ ಪುರಾಣ. ಕಾವಲಿಯ ದೋಸೆಯ ಮೇಲೆ ನಾನು ಸೌಟು ತಿರುಗಿಸಿದ ಗುರುತು ನೋಡಿ, "ಜಾನಕಿ, ಇಲ್ಲಿ ಗೆರೆ ಒತ್ತೊತ್ತಾಗಿದೆ, ಬೆಟ್ಟ ಕಡಿದಾಗಿದೆ" ಅನ್ನುತ್ತಿದ್ದರು. "ಬಿದ್ದೀರಿ, ಹುಷಾರಾಗಿ ತಿನ್ನಿ" ಅಂತ ಚಟ್ನಿ ಬಡಿಸುತ್ತಿದ್ದೆ.

ಹೋದ ತಿಂಗಳು ಮೊಮ್ಮಗಳು ಇಂಚರಾ ಗೆಳತಿಯರ ಜೊತೆ ಹಿಮಾಲಯದಲ್ಲಿ ಟ್ರೆಕ್ಕಿಂಗಿಗೆ ಹೊರಟಳು. ಕೈಯಲ್ಲಿ ಇವರೇ ಬರೆದ ಹಳೆಯ ನಕ್ಷೆ.

"ತಾತ, ಎರಡನೇ ದಿನ ಈ ಊರಲ್ಲಿ ಟೆಂಟು. ಪಕ್ಕದಲ್ಲೇ ಕೆರೆ ಇದೆಯಲ್ಲ, ನೀರು ಜಾಸ್ತಿ ಹೊರೋದು ಬೇಡ. ನೀವು ಬರೆದಿದ್ದು ಅಂದ್ರೆ ಕಣ್ಮುಚ್ಚಿ ನಂಬಬಹುದು!"

ಮಗು ರೈಲು ಹತ್ತಿದ ಮೂರನೇ ದಿನ ಬೆಳಿಗ್ಗೆ ಇವರು ಕಾಫಿ ಲೋಟ ಪಕ್ಕಕ್ಕೆ ತಳ್ಳಿದರು.

"ಅಲ್ಲಿ ಕೆರೆ ಇಲ್ಲ ಕಣೇ. ಅದು ನಿನ್ನ ಕಾಫಿ."

ನೀವು ನಂಬುವುದಿಲ್ಲ. ನಾನು ಕಚೇರಿಗೆ ಕಳಿಸಿದ ಫ್ಲಾಸ್ಕಿನಿಂದ ಒಂದು ತೊಟ್ಟು ಹಾಳೆಯ ಮೇಲೆ ಬಿದ್ದಿತ್ತಂತೆ. ಬ್ಲೇಡಿನಲ್ಲಿ ಕೆರೆದರೂ ಕಲೆ ಹೋಗಲಿಲ್ಲವಂತೆ. ಸಾಹೇಬರು ಬೈದಾರೆಂದು ಸುತ್ತ ಅಂಚು ಬರೆದು ನೀಲಿ ತುಂಬಿದರಂತೆ!

"ನಿಮ್ಮ ಮರ್ಯಾದೆಗೆ ನನ್ನ ಮಗು ಗಂಟಲು ಒಣಗಿಸ್ಕೊಂಡು ಸಾಯ್ಬೇಕೇನ್ರೀ?" ಅಂತ ಕೂಗಾಡಿದೆ. ಫೋನ್ ಮಾಡಿದರೆ ಸಿಗ್ನಲ್ ಇಲ್ಲ. ಆಮೇಲೆ ನಾಲ್ಕು ದಿನ ಇವರು ಕಾಫಿ ಮುಟ್ಟಲಿಲ್ಲ.

ಐದನೇ ದಿನ ಫೋನ್ ಬಂತು. "ತಾತ, ಕೆರೆ ಸಕ್ಕತ್ತಾಗಿತ್ತು!"

"ಕೆರೆ... ಇತ್ತಾ?"

"ಮುಂಚೆ ಇರ್ಲಿಲ್ವಂತೆ. ಯಾರೋ ಇಂಜಿನಿಯರ್ ಇದೇ ನಕ್ಷೆ ಹಿಡ್ಕೊಂಡು ಹೂಳೆತ್ತಿಸೋಕೆ ಬಂದ್ರಂತೆ. ಕೆರೆನೇ ಕಾಣ್ಲಿಲ್ಲ. ಪೂರ್ತಿ ಹೂಳು ತುಂಬ್ಕೊಂಡಿದೆ ಅಂತ ಅಗೆಸಿಬಿಟ್ರಂತೆ. ನೀರು ಬಂದ್ಬಿಡ್ತು! ಈಗ ಊರಿಗೆಲ್ಲ ಅದೇ ನೀರು, ತಾತ."

ಇವರು ಪಂಚೆಯ ಅಂಚಿನಲ್ಲಿ ಕಣ್ಣೊರೆಸಿಕೊಂಡರು. ನಾನು ಬಿಸಿ ಕಾಫಿ ತಂದು ಮುಂದಿಟ್ಟೆ.

"ಕೆರೆ ಕಟ್ಟಿಸಿದ ಪುಣ್ಯ ಯಾರಿಗೆ ಸೇರತ್ತೆ, ಹೇಳಿ ನೋಡೋಣ."

ಎರಡೂ ಕೈಯಲ್ಲಿ ಲೋಟ ಹಿಡಿದು ಒಂದು ಗುಟುಕು ಕುಡಿದರು.

"ಕಾಫಿ ನಿಂದು," ಅಂದರು. "ಚೆಲ್ಲಿದ್ದು ನಾನು. ಅರ್ಧರ್ಧ ಮಾಡ್ಕೊಳ್ಳೋಣ."